ಬೀಳೋದು ಕಲಿಯೋಕೆ ದೊಡ್ಡಬಳ್ಳಾಪುರಕ್ಕೆ

ನಾನು ಸೀರಿಯಸ್ಸಾಗಿ ಯಾವ ಕೆಲಸಕ್ಕೆ ಕೈ ಹಾಕಿದ್ರೂ ಅದು ಬೀದಿಯವರಿಗೆಲ್ಲ ಪುಕ್ಕಟೆ ಮನರಂಜನೆ ಆಗ್ಬಿಡತ್ತೆ. ಅದ್ಯಾಕೋ ದೇವರೇ ಬಲ್ಲ. ಅಂಚೆ ಕಚೇರಿ ಗುಮಾಸ್ತೆ ನಾನು. ಮೂವತ್ತೊಂಬತ್ತನೇ ವಯಸ್ಸಲ್ಲಿ ಜಪಾನಿನ ಹಳೇ ಮಲ್ಲವಿದ್ಯೆ ಜುಜುತ್ಸು ಕಲಿಯೋ ಹುಚ್ಚು ಹತ್ತಿ, ಮಂಡ್ಯದಿಂದ ದೊಡ್ಡಬಳ್ಳಾಪುರಕ್ಕೆ ವರ್ಗ ಕೇಳ್ಕೊಂಡು ಬಂದ್ಬಿಟ್ಟೆ. ಮಾಕಳಿದುರ್ಗದ ಕಡೆ ಹೋಗೋ ರಸ್ತೇಲಿ, ಹಳೇ ಮಗ್ಗದ ಶೆಡ್ಡಲ್ಲಿ ಕ್ಲಾಸು. ಗುರುಗಳು ಮೊದಲ ದಿನವೇ ಹೇಳಿದ್ರು: "ಮೂರು ತಿಂಗಳು ಬರೀ ಬೀಳೋದು ಕಲೀರಿ. ಎತ್ತಿ ಒಗೆದ್ರೂ ದಢ್ ಅನ್ನಬಾರದು. ಆಮೇಲೆ ಪರೀಕ್ಷೆ. ಫೇಲಾದ್ರೆ ಮಂಡ್ಯ ಬಸ್ಸು ಹತ್ತಿ."

ಬಾಡಿಗೆ ಮನೆ

ಮಹಡಿ ಮೇಲಿನ ರೂಮು ತೋರಿಸ್ತಾ ಓನರ್ ಆಂಟಿ ಕೇಳಿದ್ರು, "ಹೊಡೆದಾಟ ಕಲಿಯೋಕೆ ಬಂದ್ಯಾ? ಯಾರ ಮೇಲಮ್ಮ ಅಷ್ಟು ಸಿಟ್ಟು?"

"ಯಾರ ಮೇಲೂ ಇಲ್ಲ ಆಂಟಿ."

"ಮದುವೆ ಆಗಿದ್ಯಾ?"

"ಇಲ್ಲ."

ತಕ್ಷಣ ಬೀಗದ ಕೈ ಕೊಟ್ರು. "ಸದ್ಯ! ಗಂಡನ್ನ ಎತ್ತಿ ಒಗೆದಿದ್ರೆ ಟೈಲ್ಸ್ ಒಡೆದೋಗ್ತಿತ್ತು. ಮೊನ್ನೆ ತಾನೇ ಹಾಕ್ಸಿದ್ದು."

ಕರೆಂಟು ಹೋದಾಗ

ಕೆಳಗಡೆ ಅವರ ಪವರ್‌ಲೂಮು. ಬೆಳಗಿಂದ ಸಂಜೆವರೆಗೂ ಲಟಪಟ ಲಟಪಟ. ಆ ಗದ್ದಲದಲ್ಲಿ ನಾನು ಮೇಲೆ ಚಾಪೆ ಹಾಕ್ಕೊಂಡು ದಬದಬ ಬೀಳ್ತಿದ್ದೆ, ಯಾರಿಗೂ ಕೇಳಿಸ್ತಿರ್ಲಿಲ್ಲ. ಒಂದಿನ ಕರೆಂಟ್ ಹೋಯ್ತು. ಮಗ್ಗ ನಿಂತ್ವು, ನಾನು ನಿಲ್ಲಲಿಲ್ಲ. ಆಂಟಿ ನೋವಿನ ಎಣ್ಣೆ ಹಿಡ್ಕೊಂಡು ಓಡಿ ಬಂದ್ರು.

"ಬಿದ್ಯೇನಮ್ಮಾ?"

"ಇಲ್ಲ ಆಂಟಿ, ಬೀಳೋದು ಪ್ರಾಕ್ಟೀಸ್ ಮಾಡ್ತಿದ್ದೀನಿ. ಮೂರು ತಿಂಗಳ ಕೋರ್ಸು."

ಆಂಟಿ ಎಣ್ಣೆ ಬಾಟ್ಲಿ ಕೆಳಗಿಟ್ಟು ಸೊಂಟದ ಮೇಲೆ ಕೈ ಇಟ್ಕೊಂಡ್ರು. "ಮೂರು ತಿಂಗಳಾ? ನಮ್ಮತ್ತೆ ಬಚ್ಚಲುಮನೇಲಿ ಒಂದೇ ದಿನಕ್ಕೆ ಕಲಿತ್ರು ಕಣಮ್ಮ."

ಪರೀಕ್ಷೆ

ಪರೀಕ್ಷೆ ದಿನ ಬಂತು. ಫೇಲಾದ್ರೆ ಯಾವ ಮುಖ ಇಟ್ಕೊಂಡು ಮಂಡ್ಯಕ್ಕೆ ಹೋಗ್ಲಿ? ಆಂಟಿ ಬೇರೆ "ನಾನೂ ನೋಡ್ಬೇಕು" ಅಂತ ಜೊತೆಗೇ ಹೊರಟ್ರು. ಶೆಡ್ಡಲ್ಲಿ ಬ್ಯಾಗ್ ತೆಗೆದು ನೋಡ್ತೀನಿ, ಅಯ್ಯೋ ಶಿವನೇ! ಒಗೆದು ಕೊಡ್ತೀನಿ ಅಂತ ಆಂಟಿ ಇಸ್ಕೊಂಡು ಹೋಗಿದ್ದ ನನ್ನ ಬಿಳೀ ಬೆಲ್ಟಿನ ಎರಡೂ ತುದಿಗೆ ಸೀರೆ ಸೆರಗಿಗೆ ಕಟ್ಟೋ ಹಾಗೆ ಜರಿ ಕುಚ್ಚು, ಮಣಿ ಸಮೇತ!

"ಬೋಳು ಬೋಳಾಗಿತ್ತು ಕಣಮ್ಮ," ಅಂದ್ರು ಆಂಟಿ. "ಪರೀಕ್ಷೆಗೆ ಹಂಗೇ ಕಳ್ಸೋದಾ? ಎರಡು ದಿನ ಕೂತು ಕಟ್ಟಿದೀನಿ."

ಬಟ್ಟೆ ಮೇಲೆ ಒಂದೆಳೆ ದಾರ ಹೆಚ್ಚಿಗೆ ಕಂಡ್ರೂ ಗುರುಗಳಿಗೆ ಆಗ್ತಿರ್ಲಿಲ್ಲ. ಆದ್ರೆ ಆಂಟಿ ಮುಂದಿನ ಸಾಲಲ್ಲೇ ಕೂತು ಹಲ್ಲು ಬಿಡ್ತಾ ಇದ್ರು. ಕತ್ತರಿಸೋಕೆ ಮನಸ್ಸು ಬರ್ಲಿಲ್ಲ, ಕಟ್ಕೊಂಡೇ ನಿಂತೆ. ಗುರುಗಳು ಕಣ್ಣು ಕೆಂಪಗೆ ಮಾಡಿದ್ರು. ಎತ್ತಿ ಒಗೆದ್ರು. ದಢ್ ಅನ್ಲಿಲ್ಲ, ಕುಚ್ಚಿನ ಮಣಿ ಗಲ್ ಅಂತು. ಮತ್ತೆ ಒಗೆದ್ರು. ಮತ್ತೆ ಗಲ್! ಉಳಿದ ಶಿಷ್ಯರೆಲ್ಲ ತುಟಿ ಕಚ್ಕೊಂಡು ಸೂರು ನೋಡ್ತಿದ್ರು.

ಮೂರನೇ ಸಲ ಗುರುಗಳ ಉಂಗುರ ಕುಚ್ಚಿಗೆ ಸಿಕ್ಕಾಕ್ಕೊಳ್ತು. ಬಿಡಿಸ್ಕೊಳ್ಳೋಕೆ ಜಗ್ಗಿದ್ರು. ಆಂಟಿಗೆ ಅದನ್ನ ಸಹಿಸೋಕಾಗ್ಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಚಾಪೆ ಮೇಲೇ ನುಗ್ಗಿದ್ರು. "ಹಂಗೆಲ್ಲ ಎಳೀಬೇಡಿ ಸಾರ್, ಗಂಟು ಬಿಚ್ಚೋಗತ್ತೆ!"

ಗುರುಗಳು ಗಾಬರಿಯಾಗಿ ಹಿಂದಕ್ಕೆ ಹಾರಿದ್ರು. ಉಂಗುರ ಬಿಡ್ತು. ಗುರುಗಳು ಅಂಗಾತ ಬಿದ್ರು. ದಢಾರ್! ಶೆಡ್ಡಿನ ತಗಡೆಲ್ಲ ಅದುರಿತು.

ಗುರುಗಳು ಮಲಗಿದ್ದಲ್ಲಿಂದಲೇ ಕಣ್ಣು ಮುಚ್ಕೊಂಡು, "ಪಾಸ್" ಅಂದ್ರು.

ಆಂಟಿ ಬಗ್ಗಿ ಅವರ ಮುಖ ನೋಡಿದ್ರು.

"ಯಾರು ಸಾರ್, ನೀವಾ?"