ಒಂದು ಲಕ್ಷದ ಯಜಮಾನ

ಹೆಂಡತಿಗಿಂತ ದೊಡ್ಡ ಸಂಖ್ಯೆ ಕೇಳಿದ್ದು ನನ್ನ ತಪ್ಪಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ನನ್ನ ಹೆಂಡತಿ ಸುನಂದಾ ಸಿಂದಗಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ. ಮನೆಯ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿದವಳು ಅವಳೇ. ಲಿನಕ್ಸಿನಲ್ಲಿ ಹೆಸರು ಬರೀ ನಮ್ಮ ಸಮಾಧಾನಕ್ಕೆ; ಅದು ಮನುಷ್ಯನ ಗುರುತು ಹಿಡಿಯುವುದು ಸಂಖ್ಯೆಯಿಂದ. ಎಣಿಕೆ ಶುರುವಾಗುವುದೇ ಸಾವಿರದಿಂದ; ಮೊದಲು ಬಂದ ಅವಳಿಗೆ ಸಾವಿರ. ನನಗೆ ಸಾವಿರದ ಒಂದು!

ಲಗ್ನಪತ್ರಿಕೆಯಲ್ಲಿ ಹೆಸರು ಹಿಂದೆ ಮುಂದೆ ಆದರೆ ಊಟಕ್ಕೇ ಬಾರದ ಮನೆತನ ನಮ್ಮದು. ಅಂಥ ನಾನು ಹೆಂಡತಿಯ ಹಿಂದೆ ನಿಲ್ಲುವುದೇ?

“ಅದು ಬರೇ ನಂಬರ್ ರೀ. ಯಾರ್ ಕೇಳ್ತಾರ?”

“ನಾ ಕೇಳ್ತೇನಿ!”

ಮೊದಲ ಸ್ಥಾನ ಹೋಯಿತೆಂದರೆ ಎಲ್ಲರಿಗಿಂತ ದೊಡ್ಡ ಸಂಖ್ಯೆ ಹಿಡಿದರಾಯಿತು. ಒಂದು ಲಕ್ಷ ಕೇಳಿದೆ. ಯಂತ್ರ ತಕರಾರಿಲ್ಲದೆ ಒಪ್ಪಿತು.

“ನಾಕ್ನೂರು ಕೋಟಿ ಕೇಳಿದ್ರೂ ಕೊಡತೈತಿ, ಹಾಕಲೇನು?” ಎಂದಳು ಸುನಂದಾ.

“ಲಕ್ಷ ಸಾಕು,” ಎಂದೆ ವಿನಯದಿಂದ.

ಆ ವಾರ ಹಲಸಂಗಿಯಲ್ಲಿ ನನ್ನ ಭಾಷಣವಿತ್ತು. ವಿಷಯ: ದಿನಚರಿ ಏಕೆ ಬರೆಯಬೇಕು. ನನ್ನ ನೆನಪಿನ ಮೇಲೆ ನನಗೇ ನಂಬಿಕೆಯಿಲ್ಲದ ಕಾರಣ ಮೂವತ್ತು ವರ್ಷಗಳಿಂದ ದಿನಚರಿ ಬರೆಯುತ್ತಿದ್ದೇನೆ. ಇಪ್ಪತ್ತೆಂಟೂ ಇರಬಹುದು. ಭಾಷಣ ಬರೆದು ಮುಗಿಸಿ, ಸುನಂದಾ ಇಣುಕದಂತೆ ನನ್ನೊಬ್ಬನಿಗೇ ತೆರೆಯುವ ಹಾಗೆ ಬೀಗ ಜಡಿದು, ಇಂಡಿಯಲ್ಲಿರುವ ಅವಳ ತಮ್ಮ ಕೊಟ್ಟಿದ್ದ, ಕಂಪ್ಯೂಟರಿಗೆ ಜೋಡಿಸಿ ಫೈಲು ಕೂಡಿಡುವ ಹಳೆಯ ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟೆ.

ಹೊರಡುವ ಹೊತ್ತಿಗೆ ತೆರೆಯಲು ಹೋದರೆ, ಅನುಮತಿ ಇಲ್ಲ! ನನ್ನ ಭಾಷಣಕ್ಕೆ ನನಗೇ ಅನುಮತಿ ಇಲ್ಲ!

ಸುನಂದಾ ಬಂದು ನೋಡಿದಳು. “ಈ ಹಳೇ ಡಬ್ಬಿಗೆ ಅರವತ್ತೈದು ಸಾವಿರದ ಐನೂರಾ ಮೂವತ್ತೈದರ ಮುಂದ ಎಣಸಾಕ ಬರೂದಿಲ್ರಿ. ನಿಮ್ಮ ಲಕ್ಷ ಅದಕ್ಕ ತಿಳಿದಿಲ್ಲ. ಗುರ್ತಿಲ್ಲದವರ ಹೆಸರಿಗೆ ಹಚ್ಚಿಬಿಟ್ಟೈತಿ.”

“ಅಂದ್ರ ಈಗ ಇದರ ಮಾಲಕ ಯಾರು?”

“ನೋಬಡಿ ಅಂತ ಬಂದೈತಿ. ಯಾರೂ ಅಲ್ಲ.” ನಗು ತಡೆದುಕೊಂಡು ಮುಂದುವರಿಸಿದಳು: “ನನ್ನ ಪಾಸ್‌ವರ್ಡಿಗೆ ಎಲ್ಲಾ ಬೀಗಾನೂ ತಗೀತಾವ, ಹಾಕಿ ತಗದು ಕೊಡ್ತೇನಿ. ಆಮ್ಯಾಲ ನಿಮ್ಮನ್ನ ಸುಮ್ನ ಸಾವಿರದ ಒಂದಕ್ಕ ಇಳಸೂಣು.”

ಇಳಿಸುವ ಮಾತು ಬೇಡವಾಗಿತ್ತು.

“ಬ್ಯಾಡ! ಬಾಯಿಲೇ ಮಾತಾಡ್ತೇನಿ!”

ದಾರಿಯಲ್ಲಿ ಝಳಕಿ ಊರು ದಾಟುವವರೆಗೂ ಭಾಷಣ ಪೂರ್ತಿ ನೆನಪಿತ್ತು, ಎಂದು ನನ್ನ ನೆನಪು.

ವೇದಿಕೆ ಏರಿ, “ನೆನಪನ್ನು ನಂಬಬಾರದು ಎನ್ನಲು ಮೂರು ಕಾರಣಗಳಿವೆ!” ಎಂದು ಗುಡುಗಿದೆ. ಮೊದಲನೆಯದು ಹೇಳಿದೆ. ಎರಡನೆಯದು ಹೇಳಿದೆ. ಮೂರನೆಯದು ಬರಲಿಲ್ಲ. ನೀರು ಕುಡಿದೆ. ಆಗಲೂ ಬರಲಿಲ್ಲ! ಮುಂದಿನ ಸಾಲಿನಿಂದ ತಲೆಗೆ ಪಟಕಾ ಸುತ್ತಿದ ಹಿರಿಯರೊಬ್ಬರು ಕನಿಕರದಿಂದ ಎದ್ದು ನಿಂತರು.

“ಮೂರನೇದು ನೀವ ಆದ್ರಲ್ರಿ ಸರ್, ಇನ್ನ ಮುಗಸ್ರಿ!”

ಅಂದಿನ ದೊಡ್ಡ ಚಪ್ಪಾಳೆ ಆ ಮಾತಿಗೆ ಬಿತ್ತು. ದಿನಚರಿಯಲ್ಲಿ ‘ಸಭಿಕರು ಬಹಳ ಮೆಚ್ಚಿದರು’ ಎಂದು ಬರೆದಿದ್ದೇನೆ. ಯಾರನ್ನು ಎಂದು ಬರೆದಿಲ್ಲ.

ಇವತ್ತಿಗೂ ನನ್ನ ಸಂಖ್ಯೆ ಒಂದು ಲಕ್ಷವೇ. ಇಳಿಸಿಲ್ಲ, ಇಳಿಸುವುದೂ ಇಲ್ಲ! ಭಾಷಣ ಅದೇ ಪೆಟ್ಟಿಗೆಯಲ್ಲಿದೆ. ಸುನಂದಾ ತೆರೆದು ಓದಿದ್ದಾಳೆ. “ಮೂರನೇ ಕಾರಣ ಭಾಳ ಚಲೋ ಬರದೀರಿ ನೋಡ್ರಿ,” ಎನ್ನುತ್ತಾಳೆ. ಅದೇನೆಂದು ಕೇಳುವವನು ನಾನಲ್ಲ.

ಅವಳು ಅಡುಗೆಮನೆಯಲ್ಲಿದ್ದಾಗ ಅವಳ ಪಾಸ್‌ವರ್ಡ್ ಊಹಿಸಿ ನೋಡಿದ್ದು ನಿಜ. ನಮ್ಮ ಮದುವೆಯ ದಿನಾಂಕ ಹಾಕಿದೆ. ತೆರೆಯಲಿಲ್ಲ. ಪಾಸ್‌ವರ್ಡ್ ಅದೇ ಇದ್ದೀತು; ದಿನಾಂಕದ ಬಗ್ಗೆ ಮಾತ್ರ ನನಗೆ ಖಾತ್ರಿಯಿಲ್ಲ!