ಎದೆಯೊಳಗಿನ ಸಿಳ್ಳೆ

ಶವಪೆಟ್ಟಿಗೆ ಮಾಡುವ ಅಂಗಡಿಯಲ್ಲಿ ಸಿಳ್ಳೆ ಕೇಳಿಸಿದರೆ ಯಾರಿಗಾದರೂ ಕೈಕಾಲು ತಣ್ಣಗಾಗುತ್ತದೆ. ಬಡಗಿ ಉಜ್ಜುಗೊರಡು ಕೆಳಗಿಟ್ಟು ಕಿವಿಗೊಟ್ಟ. ಸಣ್ಣಗೆ, ಎಳೆದೆಳೆದು, ಯಾರೋ ಕಷ್ಟಪಟ್ಟು ಉಸಿರಾಡಿದ ಹಾಗೆ. ನಿಂತಿತು. ಮತ್ತೆ ಬಂತು.

"ನಿಂಗೂ ಕೇಳ್ತಾ?" ಎಂದ, ಪಾಲಿಶ್ ಹಚ್ಚುತ್ತಿದ್ದ ಗೆಳೆಯನಿಗೆ.

ಪಾಲಿಶ್‌ನವನ ಮುಖ ಸುಣ್ಣದಂತಾಗಿತ್ತು. ಆದರೆ ಚಿಕ್ಕಂದಿನಿಂದ ಆಸ್ತಮಾ ಇದ್ದ ಅವನು ಎದೆಯ ಸಿಳ್ಳೆಯ ವಿಷಯದಲ್ಲಿ ತನ್ನನ್ನು ಬಿಟ್ಟರೆ ಪಂಡಿತರಿಲ್ಲ ಎಂದುಕೊಂಡವನು. ಬಡಗಿಯ ಎದೆಗೆ ಕಿವಿಯಿಟ್ಟ. ಸರಿಯಾಗಿ ಆಗಲೇ ಸಿಳ್ಳೆ ಬಂತು. ಅವನಿಗೆ ಹೋದ ಜೀವ ಬಂತು.

"ದೆವ್ವ ಅಲ್ಲ ಮಾರಾಯ, ನಿನ್ನ ಎದೆ. ಆಸ್ತಮಾ. ನಡಿ ಡಾಕ್ಟರ ಹತ್ರ."

ಬಡಗಿಗೆ ಒಳಗೊಳಗೇ ಸಮಾಧಾನ. ಮೆಟ್ಟಿಲು ಹತ್ತಿದರೆ ಏದುಸಿರು ಬರುವುದಕ್ಕೆ ಸಿಗರೇಟೇ ಕಾರಣವೆಂದು ಹೆಂಡತಿ ದಿನಾ ಬೈಯುತ್ತಿದ್ದಳು. ಆಸ್ತಮಾ ಎಂದಾದರೆ ಅವಳೆದುರು ತಲೆಯೆತ್ತಿ ಓಡಾಡಬಹುದು.

ಡಾಕ್ಟರಮ್ಮ ರಕ್ತ ತೆಗೆಸಿದರು, ಕೊಳವೆಯೊಳಗೆ ಊದಿಸಿದರು, ಇನ್‌ಹೇಲರಿನಿಂದ ಔಷಧ ಎಳೆಸಿ ಮತ್ತೆ ಊದಿಸಿದರು. ಎರಡನೆಯ ಸಲವೂ ಬಡಗಿಯ ಉಸಿರು ಪಂಕ್ಚರ್ ಆದ ಟ್ಯೂಬಿನಂತೆ ಅಷ್ಟಕ್ಕೇ ಸೋತಿತು.

"ರಕ್ತದಲ್ಲಿ ಇಯೊಸಿನೊಫಿಲ್ ಅನ್ನೋ ಕಣ ಜಾಸ್ತಿ ಇದೆ," ಎಂದರು.

"ನಂಗೂ ಹಂಗೇ ಅಂದಿದ್ರು. ಆಸ್ತಮಾನೇ ಅಲ್ವಾ?" ಪಾಲಿಶ್‌ನವ ಕುರ್ಚಿಯ ತುದಿಗೆ ಜರುಗಿದ.

"ಆಸ್ತಮಾದಲ್ಲಿ ಅದು ಸಾಮಾನ್ಯ. ಆದ್ರೆ ಸಿಗರೇಟಿಂದ ಹಾಳಾದ ಶ್ವಾಸಕೋಶದಲ್ಲೂ ಕೆಲವರಿಗೆ ಇರುತ್ತೆ. ಇವರದು ಅದು, ಸಿಒಪಿಡಿ. ಔಷಧ ಎಳೆದ್ಮೇಲೂ ಉಸಿರಿನ ದಾರಿ ತೆರೀಲಿಲ್ಲ ನೋಡಿ. ಈ ಕಣ ಇರೋದ್ರಿಂದ ಇನ್‌ಹೇಲರಲ್ಲಿ ಸ್ಟೀರಾಯ್ಡೂ ಸೇರಿದ್ರೆ ಉಪಯೋಗ ಆಗಬಹುದು. ಹಾಳಾಗಿದ್ದು ಮಾತ್ರ ಪೂರ್ತಿ ವಾಪಸ್ ಬರಲ್ಲ. ಸಿಗರೇಟು ಇವತ್ತೇ ಬಿಡಿ."

ಸಂಜೆ ಅಂಗಡಿಗೆ ಮರಳಿದಾಗ ಒಳಗೆ ಮಬ್ಬುಗತ್ತಲೆ. ಬಡಗಿ ಪೆಟ್ಟಿಗೆಗಳ ನಡುವೆ ನಿಂತು ಹೊಸ ಇನ್‌ಹೇಲರ್ ಎಳೆದು, ಡಾಕ್ಟರಮ್ಮ ಹೇಳಿಕೊಟ್ಟಂತೆ ಉಸಿರು ಬಿಗಿಹಿಡಿದ.

ಸಿಳ್ಳೆ ಕೇಳಿಸಿತು.

"ಉಸಿರು ಬಿಡಬೇಡ ಅಂದಿದ್ರಲ್ಲೋ," ಪಾಲಿಶ್‌ನವ ಪಿಸುಗುಟ್ಟಿದ.

ಬಿಟ್ಟಿಲ್ಲವೆಂದು ಬಡಗಿ ಕಣ್ಣಲ್ಲೇ ಹೇಳಿದ. ಆ ಕಣ್ಣು ಗುಡ್ಡೆ ಸಮೇತ ಹೊರಗೆ ಬರುವುದರಲ್ಲಿತ್ತು.

ಮೂಲೆಯ ದೊಡ್ಡ ಪೆಟ್ಟಿಗೆಯ ಮುಚ್ಚಳ ತಾನಾಗಿ ಸರಿಯಿತು. ಒಳಗಿನ ಬಿಳಿ ಹಾಸಿನಿಂದ ನಿಧಾನವಾಗಿ ಎದ್ದು ಕೂತವರು ಅಂಗಡಿಯ ಮಾಲೀಕರು.

"ನನ್ನ ಮೂಗು ಸಿಳ್ಳೆ ಹೊಡಿಯುತ್ತೆ ಅಂತ ಮನೇಲಿ ಮಲಗಕ್ಕೇ ಬಿಡಲ್ಲ ಕಣ್ರಯ್ಯ," ಎಂದು ಆಕಳಿಸಿದರು. "ಬೆಳಿಗ್ಗೇನೂ ಇಲ್ಲೇ ಒಂದು ನಿದ್ದೆ ಆಯ್ತು. ನೀವಿಬ್ರೂ ಎಲ್ಲಿ ಹಾಳಾಗಿ ಹೋಗಿದ್ರಿ?"

ಬಡಗಿ ಹಿಡಿದಿದ್ದ ಉಸಿರನ್ನೆಲ್ಲ ಬಿಟ್ಟ.

"ಹಂಗಾದ್ರೆ ಸಿಳ್ಳೆ ನಂದಲ್ಲ."

"ಅಲ್ಲ," ಎಂದ ಪಾಲಿಶ್‌ನವ.

"ಕಾಯಿಲೆ?"

"ಅದು ನಿಂದೇ."