ಭಾವನ ಬಾತುಕೋಳಿ ಇನ್ಷೂರೆನ್ಸು

೨೦೧೪ರ ನವೆಂಬರಿನ ಎರಡನೆಯ ಶನಿವಾರ, ಬೆಳಿಗ್ಗೆ ಎಂಟಕ್ಕೆ ಹತ್ತು ನಿಮಿಷವಿರುವಾಗ, ನಾನು ಡುವಾಲ್ ಊರಿನಾಚೆ ನಮ್ಮ ಭಾವನ ಜಮೀನಿನ ಗೇಟಿನ ಎಡಗಂಬದ ಪಕ್ಕ ಸುತ್ತಿಗೆ ಹಿಡಿದು ನಿಂತಿದ್ದೆ. ಇಷ್ಟು ಕರಾರುವಾಕ್ಕಾಗಿ ಹೇಳಲು ಕಾರಣವಿದೆ. ನಮ್ಮ ಭಾವ ಇಡೀ ಆಯುಷ್ಯದಲ್ಲಿ ಹೇಳಿದ್ದು ಒಂದೇ ಒಂದು ಸುಳ್ಳು. ಅದೂ ನನ್ನನ್ನು ಒಂದು ಮಾತು ಕೇಳದೆ! ಆ ಸಿಟ್ಟು ಇನ್ನೂ ಇಳಿದಿಲ್ಲ.

ಭಾವ ಎಂದರೆ ಶಾರದಕ್ಕನ ಗಂಡ. ವಿಮಾನದ ಕಾರ್ಖಾನೆಯಲ್ಲಿ ಬೋಲ್ಟು ಬಿಗಿಯಾಗಿದೆಯೇ ಎಂದು ನೋಡುತ್ತಲೇ ನಿವೃತ್ತರಾದವರು. ಡಾಕ್ಟರ ಫಾರಂನಲ್ಲಿ ‘ಮದ್ಯಪಾನ ಉಂಟೆ?’ ಎಂಬಲ್ಲಿ ಎಲ್ಲರೂ ‘ಇಲ್ಲ’ ಎಂದು ಬರೆದು ಮುಗಿಸುತ್ತಾರೆ. ಇವರು ಬರೆದದ್ದು: ‘ಒಮ್ಮೆ. ಒಂದು ಗುಟುಕು. ಆಪಲ್ ಜ್ಯೂಸ್ ಎಂದು ತಿಳಿದು.’

ಮೆಂತ್ಯ, ದಂಟು ಬೆಳೆಯಲೆಂದು ಅವರು ಕೊಂಡ ಆ ಜಮೀನಿನಲ್ಲಿ ಚಳಿಗಾಲದಲ್ಲಿ ನೀರು ನಿಲ್ಲುತ್ತದೆ. ನೀರಿಗೆ ಬಾತುಕೋಳಿ ಬರುತ್ತವೆ, ಬಾತುಕೋಳಿಯ ಹಿಂದೆ ಕೋವಿ ಹಿಡಿದು ಡೇಲ್ ಬಂದ. ಸ್ಕೂಲ್ ಬಸ್ ಓಡಿಸಿ ನಿವೃತ್ತನಾದ ಪಕ್ಕದ ಮನೆಯವನು. ತನ್ನ ಅಪ್ಪನೂ ಅಲ್ಲೇ ಬೇಟೆಯಾಡುತ್ತಿದ್ದರು, ಅನುಮತಿ ಕೊಡುತ್ತೀರಾ ಎಂದು ಟೋಪಿ ತೆಗೆದು ಕೇಳಿದ.

“ಮೊಟ್ಟೆ ಕೂಡ ಮುಟ್ಟದ ಮನೆ ಇದು. ಬೇಡ ಅಂದ್ಬಿಡಿ,” ಎಂದಳು ಅಕ್ಕ.

“ಅವನು ಅಪ್ಪನ ಕಾಲದಿಂದ ಬರ್ತಿದಾನೆ ಕಣೇ. ನಾವು ಈ ದೇಶಕ್ಕೆ ನಿನ್ನೆ ಬಂದೋರು, ಗೇಟು ಹಾಕೋಕೆ ಯಾರು?”

ಒಪ್ಪಿದ ಮೇಲೆ ಸುಮ್ಮನಿರಬಹುದಿತ್ತಲ್ಲ? ಇನ್ಷೂರೆನ್ಸಿನವನಿಗೆ ಕಾಲ್ ಮಾಡಿ ಎಲ್ಲ ಒಪ್ಪಿಸಿದರು. ಅವನು ಹೇಳಿದ್ದು ಎರಡು ಮಾತು. ಪ್ರತಿಫಲವಾಗಿ ಏನನ್ನೂ ತೆಗೆದುಕೊಳ್ಳಬೇಡಿ. ಮನುಷ್ಯ ಮಾಡಿಟ್ಟ, ಕಣ್ಣಿಗೆ ಕಾಣದ ಅಪಾಯವಿದ್ದರೆ ಬೋರ್ಡು ಹಾಕಿ. ಎರಡರಲ್ಲಿ ಒಂದು ತಪ್ಪಿದರೂ ಯಾರಿಗಾದರೂ ಪೆಟ್ಟಾದಾಗ ಹೊಣೆ ನಿಮ್ಮದೇ.

ಹದಿನೇಳು ಬೋರ್ಡು ಎದ್ದವು. ‘ಇದು ಕಾಲುವೆ. ಆಳ ಮೂರು ಅಡಿ.’ ‘ಇದು ಗೊಬ್ಬರ. ಮೆತ್ತಗಿದೆ.’ ಡೇಲ್ ಕಾಲುವೆ ದಾಟುವಾಗ ಕೋವಿಯಿಂದ ತೋಟಾ ತೆಗೆದಿರಬೇಕು, ಹೊಲದಲ್ಲಿರುವಷ್ಟು ಹೊತ್ತೂ ಕಿತ್ತಳೆ ಬಣ್ಣದ ಅಂಗಿ ಹಾಕಿರಬೇಕು. ಆ ಅಂಗಿ ಬಾತುಕೋಳಿಗಳಿಗೆ ಹತ್ತು ಮೈಲಿ ಆಚೆಯ ಕರ್ಕ್‌ಲ್ಯಾಂಡಿನಿಂದಲೇ ಕಾಣುತ್ತಿತ್ತು.

“ಮೂರು ವರ್ಷಕ್ಕೆ ಎರಡು ಹಕ್ಕಿ,” ಎಂದ ಡೇಲ್ ಒಮ್ಮೆ ನನ್ನೊಡನೆ. “ಅದರಲ್ಲಿ ಒಂದಕ್ಕೆ ಮೊದಲೇ ಹುಷಾರಿರಲಿಲ್ಲ ಅನ್ಸುತ್ತೆ.”

ಒಂದು ಸಲ ಆತ ಒಂದು ಬಾಕ್ಸ್ ಸೇಬು ಕೊಟ್ಟುಹೋದ. ಅದು ಪ್ರತಿಫಲವೆಂದು ಭಾವನಿಗೆ ಹೊಳೆಯುವ ಹೊತ್ತಿಗೆ ಅಕ್ಕ ಉಪ್ಪಿನಕಾಯಿ ಹಾಕಿಯಾಗಿತ್ತು. ಅಷ್ಟೂ ಜಾಡಿಗಳನ್ನು ಹಿಂದಿರುಗಿಸಿ ‘ಸೇಬು ವಾಪಸು ತಲುಪಿದೆ’ ಎಂದು ಸಹಿ ಹಾಕಿಸಿಕೊಂಡರು. ಉಪ್ಪಿನಕಾಯಿ ರುಚಿ ನೋಡಿದ ಡೇಲ್ ಮುಂದಿನ ವರ್ಷ ಎರಡು ಬಾಕ್ಸ್ ತಂದ.

ಇನ್ನು ಆ ಶನಿವಾರ. ಮಧ್ಯಾಹ್ನ ದೀಪಾವಳಿ ಊಟಕ್ಕೆ ಬೆಲ್ವ್ಯೂ ಕಡೆಯಿಂದ ಹದಿನೈದು ಕಾರು ಬರುವುದಿತ್ತು. ದಾರಿ ತೋರಿಸಲು ಒಂದು ಹಲಗೆ ಬೇಕಾಯಿತು. ಅಷ್ಟೊಂದು ಬೋರ್ಡುಗಳಲ್ಲಿ ಒಂದು ಕಿತ್ತರೆ ಏನು ಮುಳುಗುತ್ತದೆ ಎಂದುಕೊಂಡೆ. ಕಾಲುವೆಯ ಮೇಲಿನ ಕಾಲುಸೇತುವೆಯ ಬಳಿ ‘ಅಡಿಯಲ್ಲಿ ಮರ ಕೊಳೆತಿದೆ, ದಾಟಬೇಡಿ’ ಎಂದು ಭಾವ ಹಿಂದಿನ ಸಂಜೆಯಷ್ಟೇ ನೆಟ್ಟಿದ್ದ ಬೋರ್ಡನ್ನು ನಾನು ಕಿತ್ತೆ. ನಿಜ ಹೇಳುತ್ತೇನೆ, ಅದರಲ್ಲಿ ಏನಿದೆ ಎಂದು ಓದಲಿಲ್ಲ. ಅವರ ಬೋರ್ಡುಗಳನ್ನು ನಾನು ಓದುವುದು ಬಿಟ್ಟು ವರ್ಷವಾಗಿತ್ತು. ಹಲಗೆಯ ಬೆನ್ನ ಮೇಲೆ ‘ಪಾರ್ಕಿಂಗ್ ಈ ಕಡೆ’ ಎಂದು ಬರೆದು ಗೇಟಿನಲ್ಲಿ ಮೊಳೆ ಹೊಡೆದೆ. ಡೇಲ್ ಟ್ರಕ್ ನಿಲ್ಲಿಸಿ ಕೈ ಬೀಸಿ ಹೊಲಕ್ಕೆ ಇಳಿದ. ಹತ್ತು ನಿಮಿಷಕ್ಕೆ ಮರ ಮುರಿದ ಸದ್ದು ಕೇಳಿತು. ನಾನು ಓಡಿಹೋದಾಗ ಆತ ಕಾಲುವೆಯಲ್ಲಿ ಕುಳಿತಿದ್ದ. ಎಡಗಾಲು ಇರಬಾರದ ಕಡೆಗೆ ತಿರುಗಿತ್ತು. ತೋಟಾ ತುಂಬುವ ಬಾಯಿ ತೆರೆದಿದ್ದ ಕೋವಿ ಅವನ ಎದೆಯ ಮೇಲೆಯೇ ಬಿದ್ದಿತ್ತು. ಅದರಲ್ಲಿ ತೋಟಾ ಇರಲಿಲ್ಲ. ಆ ನಿಯಮಕ್ಕೆ ನಾನು ಎಷ್ಟು ಸಲ ನಕ್ಕಿದ್ದೆ!

ಎರಡು ವಾರದ ಮೇಲೆ ವಿಮಾ ಕಂಪನಿಯ ತನಿಖೆಯವನು ಬಂದು ಅಡುಗೆಮನೆಯ ಮೇಜಿನ ಮುಂದೆ ಕೂತು ಭಾವನನ್ನು ಕೇಳತೊಡಗಿದ. ಸೇತುವೆ ಕೊಳೆತದ್ದು ಗೊತ್ತಿತ್ತೆ? ಗೊತ್ತಿತ್ತು. ಬೋರ್ಡು ಇತ್ತೆ? ಹಿಂದಿನ ದಿನ ಇತ್ತು. ತೆಗೆದವರು ಯಾರು?

ನಾನು ಬಾಯಿ ತೆರೆದೆ. ಮೇಜಿನ ಕೆಳಗೆ ಭಾವ ನನ್ನ ಕಾಲನ್ನು ಬಲವಾಗಿ ತುಳಿದರು.

“ನಾನೇ ಕಿತ್ತೆ,” ಎಂದರು. “ಪಾರ್ಕಿಂಗಿಗೆ ಬೇಕಿತ್ತು.”

ಅವನು ಬರೆದುಕೊಂಡ. ಭಾವ ಕನ್ನಡಕ ಹಾಕಿಕೊಂಡು ಪ್ರತಿ ಸಾಲು ಓದಿ ಸಹಿ ಮಾಡಿದರು. ಡೇಲನ ಆಸ್ಪತ್ರೆಯ ಖರ್ಚನ್ನು ಕಂಪನಿ ಕೊಟ್ಟಿತು. ಆದರೆ ಗೊತ್ತಿದ್ದೂ ಎಚ್ಚರಿಕೆ ಕಿತ್ತ ಮಾಲೀಕನಿಗೆ ಮುಂದೆ ವಿಮೆ ಇಲ್ಲವೆಂದು ಕಾಗದ ಬಂತು. ಬೇರೆ ಯಾರೂ ಕೊಡಲಿಲ್ಲ. ಮುಂದಿನ ವರ್ಷ ಭಾವ ಜಮೀನು ಮಾರಿದರು.

“ಯಾಕೆ ಹಾಗಂದ್ರಿ ಭಾವ? ನಾನು ಹೇಳ್ತಿದ್ದೆನಲ್ಲ,” ಎಂದು ಜಗಳಕ್ಕೇ ನಿಂತೆ.

“ನಿನ್ನ ಗ್ರೀನ್ ಕಾರ್ಡ್ ಇಂಟರ್‌ವ್ಯೂ ಮುಂದಿನ ತಿಂಗಳು ಕಣಯ್ಯಾ. ಯಾವ ಕಾಗದದಲ್ಲೂ ನಿನ್ನ ಹೆಸರು ಬರೋದು ಬೇಡ. ನಂಗೇನು, ಎರಡು ಕಟ್ಟು ಮೆಂತ್ಯ ಹೋಯ್ತು.”

ಎರಡು ಕಟ್ಟು ಮೆಂತ್ಯವಂತೆ. ಜಮೀನಿಗೆ ಗಿರಾಕಿ ಬಂದ ದಿನ ಇವರು ಮನೆಯ ಹಿಂದೆ ಹೋಗಿ ಒಂದು ಗಂಟೆ ನಿಂತಿದ್ದನ್ನು ನಾನು ನೋಡಿದ್ದೇನೆ.

ಭಾವ ಈಗಿಲ್ಲ. ಬೋರ್ಡು ನನ್ನ ಕೈಯಲ್ಲಿದ್ದುದನ್ನು ಕಂಡವರು ಇಬ್ಬರು ಇದ್ದಾರೆ. ಒಬ್ಬಳು ಅಡುಗೆಮನೆಯ ಕಿಟಕಿಯಿಂದ ನೋಡಿದ ಶಾರದಕ್ಕ, ಈಗ ಬೆಲ್ವ್ಯೂನಲ್ಲಿ ಕ್ರಾಸ್‌ರೋಡ್ಸ್ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿದ್ದಾಳೆ. ಇನ್ನೊಬ್ಬ ಡೇಲ್, ಕೋಲೂರಿ ನಡೆಯುತ್ತಾನೆ. ತನಿಖೆಯವನು ಅವನನ್ನೂ ಕೇಳಿದ್ದನಂತೆ, ಗೇಟಿನಲ್ಲಿ ಮೊಳೆ ಹೊಡೆಯುತ್ತಿದ್ದವರು ಯಾರು ಎಂದು. ಇನ್ನೂ ಕತ್ತಲಿತ್ತು, ಮುಖ ಕಾಣಲಿಲ್ಲ ಎಂದನಂತೆ ಡೇಲ್.

ಎಂಟಕ್ಕೆ ಹತ್ತು ನಿಮಿಷ. ಸೂರ್ಯ ಹುಟ್ಟಿ ಮುಕ್ಕಾಲು ಗಂಟೆಯಾಗಿತ್ತು. ಅವತ್ತು ಮಂಜು ಕೂಡ ಇರಲಿಲ್ಲ.